ಬೈಸಿಕೊಳ್ಳದ ಹಡಗು

ಖಲ್ಫಾನನ ಕೊಟ್ಟಿಗೆಯಲ್ಲಿ ಕುಳಿತು ಹಡಗನ್ನು ಹೊಗಳುವಂತಿರಲಿಲ್ಲ. ಹೊಗಳಿದವರಿಗೆ ಕಾಫಿ ಸಿಗುತ್ತಿರಲಿಲ್ಲ. ಎರಡನೇ ಸಲ ಬಂದರೆ ಬಾಗಿಲೂ ತೆರೆಯುತ್ತಿರಲಿಲ್ಲ.

ಕೊಟ್ಟಿಗೆ ಎಂದರೆ ನಿಜವಾಗಿ ಕೊಟ್ಟಿಗೆಯೇ. ಒಮಾನಿನ ಸೂರ್ ಪಟ್ಟಣದ ಹಿನ್ನೀರಿನಾಚೆ, ಐಜಾದಲ್ಲಿ, ಅವನ ಮನೆಯ ಹಿಂದೆ ಒಂದು ಕಾಲಕ್ಕೆ ಆಡು ಕಟ್ಟುತ್ತಿದ್ದ ಜಾಗ. ಆಡುಗಳು ಹೋಗಿ ಇಪ್ಪತ್ತು ವರ್ಷವಾದರೂ ಸೆಕೆ ಏರಿದ ದಿನ ಅವು ಅಲ್ಲೇ ಎಲ್ಲೋ ಇವೆ ಅನ್ನಿಸುತ್ತಿತ್ತು. ಅಲ್ಲಿ ಅವನು ಮರದ ಪುಟ್ಟ ಹಾಯಿಹಡಗುಗಳನ್ನು ಕಟ್ಟುತ್ತಿದ್ದ. ಮೊಳದುದ್ದದವು, ಒಂದೂವರೆ ಮೊಳದವು, ತೀರ ಮನಸ್ಸು ಬಂದರೆ ಎರಡು ಮೊಳದವು. ಮರ ಮಾತ್ರ ಪುಟ್ಟದಲ್ಲ. ದಂಡೆಯಲ್ಲಿ ಒಡೆದು ಬಿದ್ದ ನಿಜವಾದ ಹಡಗುಗಳ ತೇಗ.

ಹೊಗಳಬಾರದೆಂಬ ಕಟ್ಟುಪಾಡು ಅವನ ಅಪ್ಪ ಜುಮಾನಿಂದ ಬಂದದ್ದು. ಜುಮಾ ದೊಡ್ಡ ಹಡಗು ಕಟ್ಟುವ ಬಡಗಿ. ಕಟ್ಟುತ್ತಿರುವ ಹಡಗಿಗೆ ಕಣ್ಣು ತಗುಲಿದರೆ ಮರ ಸೀಳುತ್ತದೆ ಎಂದು ನಂಬಿದ್ದ. ಒಮ್ಮೆ ಯಾರೋ ಪರವೂರಿನ ವ್ಯಾಪಾರಿ ಬಂದು "ಮೂತಿ ಎಷ್ಟು ಚಂದ ಇದೆ" ಅಂದದ್ದಕ್ಕೆ ಮೂತಿಯ ಎರಡು ಹಲಗೆ ಕಿತ್ತು ಒಲೆಗೆ ಹಾಕಿದ್ದನಂತೆ. ಹಾಗಾಗಿ ಅವನ ಸುತ್ತ ಕೂರುತ್ತಿದ್ದವರೆಲ್ಲ ಹಡಗನ್ನು ಬೈಯುವುದನ್ನು ಕಲಿತರು. ಇದೇನು ಒಂಟೆಗೆ ನೀರು ಕುಡಿಸುವ ತೊಟ್ಟಿಯೋ, ಹೆಣ ಸಾಗಿಸುವ ಪೆಟ್ಟಿಗೆಯೋ ಎನ್ನುವರು. ಹಡಗು ಚೆನ್ನಾಗಿದ್ದಷ್ಟೂ ಬೈಗುಳ ದೊಡ್ಡದು. ನಿಜವಾಗಿ ತಪ್ಪು ಕಂಡರೆ ಮಾತ್ರ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ ಬಗ್ಗಿ, ಕಿವಿಯ ಹತ್ತಿರ, ಮೆತ್ತಗೆ, ಒಂದೇ ಸಲ ಹೇಳುವರು. "ಐದನೇ ಹಲಗೆ ನೋಡ್ಕೋ." ಅಷ್ಟೇ. ಆಮೇಲೆ ಆ ಮಾತು ಎತ್ತುವಂತಿಲ್ಲ.

ಸಮುದ್ರಕ್ಕೆ ಇಳಿಯುವ ಹಡಗುಗಳಿಗೆ ಇದ್ದ ಈ ಮರ್ಯಾದೆಯನ್ನು ಖಲ್ಫಾನ್ ಫ್ರಿಜ್ಜಿನ ಮೇಲೆ ನಿಲ್ಲುವ ಹಡಗುಗಳಿಗೂ ಒದಗಿಸಿದ್ದ. ಊರಿಗೆ ಇದರಲ್ಲಿ ವಿಶೇಷ ಕಾಣಲಿಲ್ಲ.

ಅವನೇನೂ ಬಡಗಿಯಲ್ಲ. ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು. ನಾವಿಕನಂತೂ ಅಲ್ಲವೇ ಅಲ್ಲ. ಸೇತುವೆ ಆಗುವ ಮುಂಚೆ ಹಿನ್ನೀರು ದಾಟಲು ದೋಣಿ ಹತ್ತಬೇಕಿತ್ತು. ಆ ಕಾಲು ಗಂಟೆಯಲ್ಲಿ ಅವನು ಎರಡು ಸಲ ವಾಂತಿ ಮಾಡುತ್ತಿದ್ದ. ಹೋಗುವಾಗ ಒಮ್ಮೆ, ಬರುವಾಗ ಇನ್ನೊಮ್ಮೆ ಅಲ್ಲ, ಹೋಗುವಾಗಲೇ ಎರಡು ಸಲ. ಇಂಥವನು ನಲವತ್ತಮೂರು ಹಡಗು ಕಟ್ಟಿದ್ದ. ಒಂದನ್ನೂ ಮಾರಿರಲಿಲ್ಲ, ಒಂದೂ ನೀರು ಕಂಡಿರಲಿಲ್ಲ. ಅವು ಕ್ಷೌರಿಕನ ಕನ್ನಡಿಯ ಪಕ್ಕದಲ್ಲಿ, ಮದುಮಕ್ಕಳ ಕೋಣೆಗಳಲ್ಲಿ, ಮಗಳು ಶಮ್ಸಾ ಪಾಠ ಹೇಳುವ ಶಾಲೆಯ ಕಚೇರಿಯಲ್ಲಿ ಧೂಳು ತಿನ್ನುತ್ತ ನೆಮ್ಮದಿಯಾಗಿದ್ದವು.

ನಕ್ಷೆ ಬರೆಯುವುದು, ಟೇಪು ಹಿಡಿಯುವುದು ಅವನ ಕೊಟ್ಟಿಗೆಯಲ್ಲಿರಲಿಲ್ಲ. ಅಳತೆಪಟ್ಟಿ ಬೇಕಾದವನು ದರ್ಜಿ ಅಂಗಡಿಗೆ ಹೋಗಲಿ ಎನ್ನುತ್ತಿದ್ದ ಜುಮಾ, ಮಗನೂ ಅದನ್ನೇ ಹೇಳುತ್ತಿದ್ದ. ಅಡಿಮರ ಇಟ್ಟು, ಮುಂದೊಂದು ಹಿಂದೊಂದು ಕಂಬ ನಿಲ್ಲಿಸಿ, ನಡುವೆ ದಾರ ಎಳೆದರೆ ಮುಗಿಯಿತು. ಮೊದಲು ಎಡಕ್ಕೂ ಬಲಕ್ಕೂ ಹಲಗೆಗಳನ್ನು ಬಗ್ಗಿಸಿ ಕೂಡಿಸುವುದು, ಪಕ್ಕೆಲುಬು ಆಮೇಲೆ. ಎರಡು ಕಡೆಯ ಹೊಟ್ಟೆ ಸಮ ಬಂತೋ ಇಲ್ಲವೋ ಎನ್ನುವುದನ್ನು ಹೇಳಬೇಕಾದ್ದು ಕಣ್ಣು.

ಕಣ್ಣಿನ ಮೇಲೆ ಇನ್ನೊಂದು ಕಣ್ಣು ಮರ್ಹೂನ್. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ತರುವ ದೋಣಿಯ ಚುಕ್ಕಾಣಿ ಹಿಡಿದು ನಿವೃತ್ತನಾದವನು, ಖಲ್ಫಾನನ ಬಾಲ್ಯದ ಗೆಳೆಯ. ಮಕ್ಕಳ ಹೆಸರು ಹಿಡಿದು ಅಬು, ಉಮ್ಮು, ಅಂದರೆ ಇಂಥವರ ಅಪ್ಪ, ಅಮ್ಮ ಎಂದು ಕರೆಯುವ ಊರಿನ ರೂಢಿಯಲ್ಲಿ ಅವನು ಅಬು ಹಿಲಾಲ್. ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು, ಮೀನಿನ ಪೆಟ್ಟಿಗೆಯೊಂದನ್ನು ಕವುಚಿ ಹಾಕಿ ಕೂತು, ಖರ್ಜೂರ ತಿನ್ನುತ್ತ ಬೈಯುವನು. ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲಾದ್ದರಿಂದ ಬೈಗುಳ ಮೂರು ಮನೆಯಾಚೆಗೂ ಕೇಳಿಸುತ್ತಿತ್ತು. ಮೂವತ್ತೆಂಟನೇ ಹಡಗನ್ನು ನೋಡಿ, "ಇದನ್ನ ಕಟ್ಟಿದವನ ಕೈ ಕಡಿದು, ಅದೇ ಕೈಲಿ ಇದಕ್ಕೆ ಬೆಂಕಿ ಹಚ್ಚಿಸ್ಬೇಕು" ಅಂದಿದ್ದ. ಖಲ್ಫಾನ್ ಆ ವಾರವೆಲ್ಲ ಹೆಂಡತಿಯ ಅಡುಗೆಗೆ ಹೆಸರಿಡಲಿಲ್ಲ.

ನಲವತ್ತನಾಲ್ಕನೆಯದಕ್ಕೆ ಮರ ಸೀಳುತ್ತಿದ್ದ ಒಂದು ಮಂಗಳವಾರ ಎಡಗೈಯಿಂದ ಉಳಿ ಜಾರಿ ಬಿತ್ತು. ಉಳಿಯ ಹಿಡಿ ಸರಿಯಿಲ್ಲ ಎಂದುಕೊಂಡ. ಎತ್ತಿಕೊಂಡ, ಮತ್ತೆ ಬಿತ್ತು. ಮೂರನೇ ಸಲ ಅವನೇ ಬಿದ್ದ. ಸದ್ದು ಕೇಳಿ ಹೆಂಡತಿ ಝುವೈನಾ ಬಂದು ನೋಡಿದಾಗ ಅವನು ನೆಲದ ಮೇಲೆ ಮಲಗಿ, ತೊದಲು ಮಾತಿನಲ್ಲಿ, ಹಿಡಿ ಬದಲಿಸಬೇಕು ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ. ತಲೆಯ ಬಲಭಾಗದಲ್ಲಿ ರಕ್ತ ನಿಂತಿದೆ, ಅದಕ್ಕೆ ಎಡಗೈ ಎಡಗಾಲು ಸೋತಿವೆ ಎಂದರು ಡಾಕ್ಟರು. ಅದು ಯಾರಿಗಾದರೂ ಅರ್ಥವಾಗುವ ಮಾತು. ಜೊತೆಗೆ ಇನ್ನೊಂದು ಹೇಳಿದರು. ಇವರ ಕಣ್ಣು ಸರಿಯಾಗಿದೆ, ಆದರೆ ಎಡಗಡೆ ಎಂಬುದೊಂದು ಇದೆ ಅನ್ನುವುದನ್ನೇ ಮನಸ್ಸು ಮರೆಯುತ್ತದೆ ಎಂದರು. ಇದು ಝುವೈನಾಳಿಗೆ ಅರ್ಥವಾದದ್ದು ಊಟದ ಹೊತ್ತಿಗೆ. ತಟ್ಟೆಯ ಬಲಭಾಗದ ಅನ್ನವನ್ನು ಖಲ್ಫಾನ್ ಒಂದಗುಳು ಬಿಡದೆ ತಿಂದ. ಎಡಭಾಗದಲ್ಲಿ ಹುರಿದ ಅಂಜಲ್ ಮೀನು ಹಾಗೇ ಇತ್ತು.

"ಮೀನು ಯಾಕೆ ಮಾಡಿಲ್ಲ?" ಎಂದು ಕೇಳಿದ.

ಝುವೈನಾ ತಟ್ಟೆ ತಿರುಗಿಸಿ ಇಟ್ಟಳು.

"ಇದನ್ನ ಮೊದಲೇ ಬಡಿಸ್ಬಾರದಿತ್ತಾ?" ಎಂದ.

ಅವಳು ಹೊರಗಿನ ಮೊಗಸಾಲೆಗೆ ಹೋಗಿ ನಕ್ಕಳು. ನಗು ಮುಗಿದ ಮೇಲೂ ಬಹಳ ಹೊತ್ತು ಒಳಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಹತ್ತು ತಿಂಗಳು ಕೊಟ್ಟಿಗೆಗೆ ಬೀಗ. ಅವನು ರಬ್ಬರ್ ಚೆಂಡು ಹಿಚುಕಿದ, ಕೋಲು ಹಿಡಿದು ಮಸೀದಿಯವರೆಗೆ ನಡೆದ, ಬಾಗಿಲ ಎಡ ಚೌಕಟ್ಟಿಗೆ ದಿನಕ್ಕೊಮ್ಮೆ ಭುಜ ಬಡಿಸಿಕೊಂಡ. ಕೈ ಮುಕ್ಕಾಲು ಪಾಲು ವಾಪಸು ಬಂತು. ಎಡಗಡೆಯೂ ಬಂತು, ಆದರೆ ಕರೆದರೆ ಮಾತ್ರ ಬರುವ ನೆಂಟನ ಹಾಗೆ. ನೆನಪು ಮಾಡಿಕೊಂಡರೆ ಇರುತ್ತಿತ್ತು, ಮರೆತರೆ ಇಲ್ಲ. ಹಡಗು ಕಟ್ಟಬಹುದೇ ಎಂದು ಅವನು ಡಾಕ್ಟರನ್ನು ಕೇಳಲಿಲ್ಲ. ಧಾರಾಳವಾಗಿ ಕಟ್ಟಿ ಅನ್ನುತ್ತಿದ್ದರು. ಹಡಗು ಕಟ್ಟುವುದನ್ನು ನೋಡದವರು ಬೇರೇನು ಹೇಳುತ್ತಾರೆ?

ಬೀಗದ ಕೈ ಕೇಳಿದಾಗ ಝುವೈನಾ ಕಳೆದುಹೋಗಿದೆ ಎಂದಳು. ಎರಡು ವಾರ ದಿನಾ ಕೇಳಿದ. ಮೂರನೇ ವಾರ ಅದು ಅವಳ ಸೊಂಟದಲ್ಲೇ ಸಿಕ್ಕಿತು.

ಸಣ್ಣ ಮೀನುದೋಣಿಯೊಂದನ್ನು ಕಟ್ಟಿ ಕೈ ಹದ ಮಾಡಿಕೊಳ್ಳಬಹುದಿತ್ತು. ಅವನು ಘಂಜಾ ಹಿಡಿದ. ಘಂಜಾ ಎಂದರೆ ಸೂರಿನ ಹಡಗುಗಳಲ್ಲೆಲ್ಲ ಕಷ್ಟದ್ದು. ಮುಂದೆ ಚೂಪಾಗಿ ಹೊರಟು, ನಡುವೆ ಹೊಟ್ಟೆ ತುಂಬಿ, ಹಿಂದೆ ಐದು ಕಿಟಕಿಯ ಕೆತ್ತನೆಯಲ್ಲಿ ಮುಗಿಯಬೇಕು. ಅವನಿಗೆ ತಿಳಿಯಬೇಕಿದ್ದುದು ಕೈಯ ವಿಷಯವಲ್ಲ, ಕಣ್ಣಿನ ವಿಷಯ. ಹೊಟ್ಟೆ ಸಮ ಬಂದರೆ ಕಣ್ಣು ಇದೆ. ಬರದಿದ್ದರೆ ಇಲ್ಲ. ಇಲ್ಲವಾದರೆ ಕೊಟ್ಟಿಗೆಗೆ ಕಾಯಂ ಬೀಗ ಹಾಕಿ, ಅಪ್ಪನ ಬಾಚಿ ಉಳಿಗಳನ್ನು ಯಾರಿಗಾದರೂ ಕೊಟ್ಟು, ಉಳಿದ ಆಯುಷ್ಯವೆಲ್ಲ ರಬ್ಬರ್ ಚೆಂಡು ಹಿಚುಕುತ್ತ ಕೂರುವುದೆಂದು ಒಳಗೊಳಗೇ ತೀರ್ಮಾನ ಮಾಡಿಕೊಂಡ. ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ಭಯವಿತ್ತು, ತುಂಬ ಭಯವಿತ್ತು.

ದಾರ ಎಳೆದು, ಒಂದು ಕಣ್ಣು ಮುಚ್ಚಿ ನೋಡಿದರೆ ಎಲ್ಲ ನೇರವಾಗಿಯೇ ಕಾಣುತ್ತಿತ್ತು. ತೊಂದರೆ ಅದೇ. ಗೋಡೆಗೆ ಅವನು ನೇತುಹಾಕಿದ ಕ್ಯಾಲೆಂಡರೂ ಅವನಿಗೆ ನೇರವಾಗಿಯೇ ಕಾಣುತ್ತಿತ್ತು, ಆದರೆ ಶಮ್ಸಾ ಬಂದಾಗಲೆಲ್ಲ ಮಾತಾಡದೆ ಅದನ್ನು ಸರಿಮಾಡಿ ಹೋಗುತ್ತಿದ್ದಳು. ತನ್ನ ಕಣ್ಣನ್ನು ತನ್ನ ಕಣ್ಣಿನಿಂದ ಪರೀಕ್ಷೆ ಮಾಡುವುದು ಹೇಗೆ? ಅದಕ್ಕೆ ಮರ್ಹೂನನ ಬಾಯಿಯೇ ಬೇಕಿತ್ತು.

ಎರಡು ಕಡೆಗೂ ಏಳು ಹಲಗೆ ಏರಿದ ದಿನ ಮರ್ಹೂನ್ ಬಂದ. ಪೆಟ್ಟಿಗೆ ಕವುಚಿ ಕೂತ. ಹಡಗನ್ನು ಮುಂದಿನಿಂದ ನೋಡಿದ, ಎದ್ದು ಹೋಗಿ ಹಿಂದಿನಿಂದ ನೋಡಿದ. ಖರ್ಜೂರದ ಬೀಜವನ್ನು ಬಾಯಲ್ಲಿ ಆ ಕಡೆ ಈ ಕಡೆ ಆಡಿಸಿದ. ಖಲ್ಫಾನ್ ಕೀಸುಳಿ ಕೆಳಗಿಟ್ಟು ಕಾದ.

"ಚೆನ್ನಾಗಿದೆ," ಎಂದ ಮರ್ಹೂನ್.

ಖಲ್ಫಾನ್ ಹೆದರಿದ. ಆಸ್ಪತ್ರೆಯಲ್ಲಿ ಕಾಲಿಗೆ ಸೂಜಿ ಚುಚ್ಚಿ, ತಿಳಿಯಿತೇ ಎಂದು ಕೇಳಿದಾಗಲೂ ಅವನು ಇಷ್ಟು ಹೆದರಿರಲಿಲ್ಲ.

"ಏನಂದೆ?"

"ಚೆನ್ನಾಗಿದೆ ಅಂದೆ. ಬಣ್ಣ ಚೆನ್ನಾಗಿ ಬಂದಿದೆ."

"ಬಣ್ಣ ಇನ್ನೂ ಬಳಿದಿಲ್ಲ."

"ಬಳಿದ ಮೇಲೆ ಚೆನ್ನಾಗಿ ಬರುತ್ತೆ," ಎಂದು ಮರ್ಹೂನ್ ಕಾಫಿಯ ಬಟ್ಟಲಲ್ಲಿ ಮೂಗು ತೂರಿಸಿದ. ಹೊಗಳಿ ಅಭ್ಯಾಸವಿಲ್ಲದ್ದರಿಂದ ಅವನ ಹಣೆಯ ಮೇಲೆ ಬೆವರು ಬಂದಿತ್ತು.

ಅಲ್ಲಿಂದ ಮುಂದೆ ಹೊಗಳಿಕೆಯ ಸುರಿಮಳೆ. ಕ್ಷೌರಿಕ ಬಂದು ಮುತ್ತಿನಂತಿದೆ ಅಂದ. ಶಮ್ಸಾ ಬಂದು, "ಬಾಬಾ, ಮುಂಚೆಗಿಂತ ಚಂದ ಆಗಿದೆ, ದೇವರಾಣೆ" ಅಂದಳು. ಎದುರುಮನೆಯ ಮುದುಕಿಯಂತೂ ಹಡಗನ್ನು ನೋಡದೆಯೇ ಹೊಗಳಿದಳು, ಅವಳಿಗೆ ಪೊರೆ ಬಂದಿತ್ತು. ಖಲ್ಫಾನ್ ಮುಖ ಹುಳ್ಳಗೆ ಮಾಡಿಕೊಂಡು ಎಲ್ಲವನ್ನೂ ನುಂಗಿದ. ತಾನಿನ್ನೂ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದೇನೆ, ಇವರೆಲ್ಲ ಹಣ್ಣು ಹಿಡಿದು ನೋಡಲು ಬಂದಿದ್ದಾರೆ ಅನ್ನಿಸುತ್ತಿತ್ತು. ಬೈಗುಳವೂ ಇಲ್ಲ, ಕಿವಿಮಾತೂ ಇಲ್ಲ. ಅಪ್ಪನ ಕಟ್ಟುಪಾಡಿನಲ್ಲಿ ಇಂಥ ಹಡಗಿಗೆ ಜಾಗವೇ ಇರಲಿಲ್ಲ.

ಕೊನೆಗೊಂದು ಪರೀಕ್ಷೆ ಮಾಡಿದ. ನಮ್ಮ ಕಡೆಯ ಹಡಗುಗಳ ಹಾಯಿಕಂಬ ಮುಂದಕ್ಕೆ ಬಾಗಿರುತ್ತದೆ, ಗಾಳಿಯನ್ನು ಹುಡುಕಿಕೊಂಡು ಹೊರಟವರ ಹಾಗೆ. ಇದು ಐಜಾದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಖಲ್ಫಾನ್ ಬೇಕೆಂದೇ ಕಂಬವನ್ನು ಹಿಂದಕ್ಕೆ ಬಾಗಿಸಿ ನೆಟ್ಟ. ನೋಡಲು ಅಸಹ್ಯವಾಗಿತ್ತು. ಹಡಗು ಮಲಗಿ ಆಕಳಿಸುತ್ತಿರುವಂತಿತ್ತು.

ಮರ್ಹೂನ್ ಬಂದ. ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತು. ಮೂವತ್ತು ವರ್ಷ ಸಮುದ್ರದಲ್ಲಿ ಕಳೆದವನು. ಬಾಯಿ ತೆರೆದ, ಮುಚ್ಚಿದ, ಇನ್ನೊಂದು ಖರ್ಜೂರ ತುಂಬಿಕೊಂಡ.

"ಕಂಬ ಹೇಗಿದೆ?" ಎಂದು ಖಲ್ಫಾನ್ ಕೇಳಿದ.

"ಇದೆ."

"ಇದೆ ಅಂದ್ರೆ?"

"ಒಂದು ತರಾ ಗತ್ತಿದೆ."

"ಹಿಂದಕ್ಕೆ ಬಾಗಿದೆಯಲ್ಲೋ."

"ಸ್ವಲ್ಪ ವಿಶ್ರಾಂತಿ ತಗೊಂಡಂಗಿದೆ," ಎಂದು ಹೇಳಿ ಮರ್ಹೂನ್ ಕಾಫಿ ಅರ್ಧಕ್ಕೇ ಬಿಟ್ಟು ಕಾಲ್ಕಿತ್ತ. ಬಾಗಿಲು ದಾಟಿದ ಮೇಲೆ ಅವನು ಗೋಡೆಗೆ ಒಂದು ಗುದ್ದು ಕೊಟ್ಟ ಸದ್ದು ಒಳಗೆ ಕೇಳಿಸಿತು.

ಖಲ್ಫಾನ್ ನೇರವಾಗಿ ಅಡುಗೆಮನೆಗೆ ಹೋದ. ಝುವೈನಾ ಮೀನು ಹೆಚ್ಚುತ್ತಿದ್ದಳು.

"ಉಮ್ಮು ಶಮ್ಸಾ, ಮರ್ಹೂನ್‌ಗೆ ಏನು ಮಾಡಿದ್ದೀಯ?"

"ನಾನೇನು ಮಾಡ್ಲಿ? ಕಾಫಿ ಕೊಟ್ಟೆ."

"ಅವನ ಬಾಯಿಗೆ ಬೀಗ ಹಾಕಿರೋದು ಯಾರು? ಆ ಕೊಟ್ಟಿಗೆ ಬೀಗ ಹಾಕಿದೋರೇ ಇರ್ಬೇಕು."

ಅವಳು ಚಾಕು ಕೆಳಗಿಟ್ಟಳು. ಸುಳ್ಳು ಹೇಳಬೇಕೆಂದಿದ್ದಳೋ ಏನೋ, ಅವನ ಮುಖ ನೋಡಿ ಬಿಟ್ಟಳು.

"ಆಣೆ ಹಾಕಿಸಿದೀನಿ. ನೀನಿನ್ನೂ ಆಸ್ಪತ್ರೆಯಲ್ಲಿದ್ದೆ. ಇವರ ಮನಸ್ಸಿಗೆ ನೋವಾಗ್ಬಾರದು, ರಕ್ತ ಏರ್ಬಾರದು ಅಂತ ಡಾಕ್ಟ್ರು ಅಂದಿದ್ರು. ಅಬು ಹಿಲಾಲ್ ನೋಡೋಕೆ ಬಂದಿದ್ದ. ಬಾಗಿಲಲ್ಲೇ ನಿಲ್ಲಿಸಿ ಅಲ್ಲಾಹನ ಮೇಲೆ ಆಣೆ ಹಾಕಿಸ್ದೆ. ಖಲ್ಫಾನನ ಹಡಗಿನ ಬಗ್ಗೆ ಒಂದು ಕೆಟ್ಟ ಮಾತು ಆಡಲ್ಲ ಅಂತ. ಗಟ್ಟಿಯಾಗೂ ಇಲ್ಲ, ಮೆತ್ತಗೂ ಇಲ್ಲ."

"ಮೆತ್ತಗೂ ಇಲ್ವಾ?"

"ಮೆತ್ತಗೂ ಇಲ್ಲ. ನಿಮ್ಮ ಕಿವಿಮಾತು ನನಗೆ ಗೊತ್ತಿಲ್ವಾ? ಇಪ್ಪತ್ತು ವರ್ಷದಿಂದ ಆ ಕೊಟ್ಟಿಗೆಗೆ ಕಾಫಿ ಹೊರ್ತಿರೋಳು ಯಾರು?"

"ಅಂದ್ರೆ ನಾನು ಹಡಗಿನ ಬದಲು ಹಂದರ ಕಟ್ಟಿದ್ರೂ ನನಗೆ ಹೇಳೋರಿಲ್ಲ."

"ಹಡಗು ಕೆಟ್ರೆ ನಲವತ್ತೈದನೇದು ಕಟ್ತೀಯ ಅಬು ಶಮ್ಸಾ. ನೀನು ಕೆಟ್ರೆ ನಾನು ಇನ್ನೊಬ್ಬನ್ನ ಎಲ್ಲಿಂದ ಕಟ್ಲಿ?"

 ಖಲ್ಫಾನನಿಗೆ ಸಿಟ್ಟೂ ಬಂದಿತ್ತು, ಹೆಂಡತಿಯ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂದಿತ್ತು. ಎರಡನ್ನೂ ಒಟ್ಟಿಗೆ ತೋರಿಸುವ ದಾರಿ ತಿಳಿಯದೆ, ಮೀನಿಗೆ ಉಪ್ಪು ಕಡಿಮೆ ಹಾಕು ಎಂದು ಹೇಳಿ ಹೊರಗೆ ಬಂದ.

ಮರುದಿನ ಮಸೀದಿಯ ಅಂಗಳದಲ್ಲಿ ಮರ್ಹೂನನನ್ನು ಹಿಡಿದು ನಿಲ್ಲಿಸಿದ.

"ಆಣೆ ಮುರಿದ್ರೆ ಪರಿಹಾರ ಇದೆ. ಹತ್ತು ಜನ ಬಡವರಿಗೆ ಊಟ ಹಾಕು. ಊಟದ ಖರ್ಚು ನನ್ನದು."

"ಐಜಾದಲ್ಲಿ ತಾನು ಬಡವ ಅಂತ ಒಪ್ಕೊಳ್ಳೋ ಹತ್ತು ಜನಾನ ನೀನು ಹುಡುಕ್ಕೊಂಡು ಬಾ, ನೋಡ್ತೀನಿ."

"ಮೂರು ದಿನ ಉಪವಾಸ ಮಾಡು."

"ನನಗೆ ಸಕ್ಕರೆ ಕಾಯಿಲೆ. ಮತ್ತೆ ಪರಿಹಾರ ಎಲ್ಲ ದೇವರಿಗೆ ಸರಿ. ದೇವರು ಕ್ಷಮಿಸ್ತಾನೆ. ಝುವೈನಾ ಕ್ಷಮಿಸ್ತಾಳಾ?"

ಖಲ್ಫಾನ್ ಯೋಚಿಸಿದ. ಇಲ್ಲ ಎಂದು ಅವನಿಗೂ ಗೊತ್ತಿತ್ತು.

"ಒಂದೇ ಒಂದು ಹೇಳು. ತಪ್ಪಿದೆಯಾ, ಇಲ್ವಾ?"

"ನಮಾಜಿಗೆ ಹೊತ್ತಾಯ್ತು," ಎಂದ ಮರ್ಹೂನ್. ನಮಾಜು ಆಗಷ್ಟೇ ಮುಗಿದಿತ್ತು.

ಮನುಷ್ಯರು ಹೇಳದಿದ್ದರೆ ನೀರು ಹೇಳಲಿ ಎಂದು ಖಲ್ಫಾನ್ ನಿರ್ಧರಿಸಿದ. ಹಲಗೆಗಳ ಸಂದಿಗೆಲ್ಲ ಎಣ್ಣೆಯಲ್ಲಿ ಅದ್ದಿದ ಹತ್ತಿ ತುಂಬಿದ. ಕಂಬವನ್ನು ಕಿತ್ತು ಮುಂದಕ್ಕೆ ಬಾಗಿಸಿ ನೆಟ್ಟ. ಗುರುವಾರ ಅಸರ್ ಆದ ಮೇಲೆ ಹಿನ್ನೀರು ಪೂರ್ತಿ ಏರುವ ಹೊತ್ತಿಗೆ ಹಡಗನ್ನು ನೀರಿಗಿಳಿಸುತ್ತೇನೆಂದು ಸಾರಿದ. ನಲವತ್ತಮೂರು ಹಡಗು ನೀರು ಕಾಣದ ಮನೆಯಲ್ಲಿ ಇದು ದೊಡ್ಡ ಸುದ್ದಿ. ಶಮ್ಸಾ ಕಾರು ತಂದಳು. ಹಡಗನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಬೆಲ್ಟು ಒಂದೇ ಸರಿಯಿದ್ದದ್ದು, ಪಕ್ಕದಲ್ಲಿ ಝುವೈನಾ ಬೆಲ್ಟಿಲ್ಲದೆ ಕೂತಳು.

ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ ನಾಲ್ಕಾರು ಮೀನುಗಾರರು ಎದ್ದು ಬಂದು, ಮಾಷಾ ಅಲ್ಲಾ, ಎಂಥ ಚಂದ ಎಂದರು. ಖಲ್ಫಾನ್ ಹಲ್ಲು ಕಚ್ಚಿಕೊಂಡು ತಲೆಯಾಡಿಸಿದ. ಮರ್ಹೂನ್ ಮೊಳಕಾಲಿನವರೆಗೆ ನಿಲುವಂಗಿ ಎತ್ತಿ ಕಟ್ಟಿ, ಹಡಗನ್ನು ಮಗುವಿನಂತೆ ಎತ್ತಿಕೊಂಡು ನೀರಿಗಿಳಿದ. ಖಾಲಿ ಹಡಗು ನಿಲ್ಲುವುದಿಲ್ಲ, ಹೊಟ್ಟೆಗೆ ಭಾರ ಬೇಕು. ಬೆಣಚು ಕಲ್ಲುಗಳನ್ನು ಆರಿಸಿ ತಂದು ಒಳಗೆ ತುಂಬುವ ಕೆಲಸವನ್ನೂ ಅವನೇ ವಹಿಸಿಕೊಂಡ. ಬೆನ್ನು ಈ ಕಡೆ ಮಾಡಿ, ಬಗ್ಗಿ, ಬಹಳ ಹೊತ್ತು ತುಂಬಿದ. ಆಮೇಲೆ ಪಕ್ಕಕ್ಕೆ ಸರಿದು ನಿಂತ.

ಹಡಗು ನೆಟ್ಟಗೆ ನಿಂತಿತ್ತು. ಎಡಕ್ಕಿಲ್ಲ, ಬಲಕ್ಕಿಲ್ಲ. ಮೂತಿ ಎತ್ತಿ, ಕಂಬ ಮುಂದಕ್ಕೆ ಚಾಚಿ, ಅಲೆ ಬಂದಾಗ ಎದ್ದು ಇಳಿಯುತ್ತಿತ್ತು. ಶಮ್ಸಾ ಚಪ್ಪಾಳೆ ತಟ್ಟಿದಳು. ಮೀನುಗಾರರು ಇನ್ನೊಂದು ಸಲ ಮಾಷಾ ಅಲ್ಲಾ ಅಂದರು. ಮರ್ಹೂನ್ ಆಕಾಶ ನೋಡುತ್ತಿದ್ದ.

ಖಲ್ಫಾನ್ ಕೋಲೂರಿ ನೀರಿಗಿಳಿದ. ಹತ್ತಿರ ಹೋಗಿ ಹಡಗಿನ ಒಳಗೆ ಇಣುಕಿದ. ಕಲ್ಲುಗಳೆಲ್ಲ ಬಲಗಡೆಗೆ ರಾಶಿ ಬಿದ್ದಿದ್ದವು.

ಮರ್ಹೂನ್ ಎಲ್ಲವನ್ನೂ ಯೋಚಿಸಿದ್ದ, ಇದೊಂದನ್ನು ಬಿಟ್ಟು. ಅವನ ಗೆಳೆಯನಿಗೆ ಚೆನ್ನಾಗಿ ಕಾಣುವ ಕಡೆ ಒಂದೇ, ಮೋಸವನ್ನು ಅವನು ಅಲ್ಲೇ ಗುಡ್ಡೆ ಹಾಕಿದ್ದ.

ಖಲ್ಫಾನ್ ತಲೆ ಎತ್ತಲಿಲ್ಲ. ಒಂದು ಕಲ್ಲು ಎತ್ತಿದ, ಅಲ್ಲೇ ಇಟ್ಟ. ಹಡಗು ಎಡಕ್ಕೆ ವಾಲುತ್ತದೆಂದು ಈಗ ತಿಳಿದಿತ್ತು. ಎಷ್ಟು, ಎಲ್ಲಿ, ಯಾವ ಹಲಗೆ ಎಂದು ತಿಳಿಯಲಿಲ್ಲ. ಬಗ್ಗಿ ನೋಡಿದರೆ ಎರಡು ಕಡೆಯೂ ಅವನಿಗೆ ಸಮವಾಗಿಯೇ ಕಂಡವು. ಅಲ್ಲೇ ನೀರಲ್ಲಿ ನಿಂತು ಗಟ್ಟಿಯಾಗಿ ಹೇಳಿದ.

"ಉಮ್ಮು ಶಮ್ಸಾ, ಶಮ್ಸಾ, ಇಬ್ಬರೂ ಕೇಳಿ. ಈ ಘಂಜಾನ ನಾನು ಮರ್ಹೂನ್‌ಗೆ ಕೊಟ್ಟೆ. ಮರ, ಮೊಳೆ, ಹಗ್ಗ, ಎಲ್ಲ ಸೇರಿಸಿ. ತಗೊಂಡೆ ಅನ್ನೋ ಮರ್ಹೂನ್."

"ನನಗ್ಯಾಕೆ? ನಮ್ಮನೇಲಿ ಇಡೋಕೆ ಜಾಗ ಇಲ್ಲ."

"ತಗೊಂಡೆ ಅನ್ನು."

"ತಗೊಂಡೆ, ಮಾರಾಯ."

"ಉಮ್ಮು ಶಮ್ಸಾ, ಆಣೆ ಹಾಕಿಸಿದ್ದು ಯಾರ ಹಡಗಿನ ಬಗ್ಗೆ?"

ಝುವೈನಾಳಿಗೆ ಆಟ ತಿಳಿಯಿತು. ಅವಳು ದಡದಲ್ಲಿ ನಿಂತು ಗಂಡನನ್ನು ನೋಡಿದಳು. ನಿಲುವಂಗಿಯ ಎಡ ತೋಳಿನ ತುದಿ ನೀರಲ್ಲಿ ಅದ್ದಿದ್ದರೂ ಅವನಿಗೆ ಗೊತ್ತಿರಲಿಲ್ಲ. ಆದರೆ ಬೇಡುತ್ತಿರುವ ಆ ಮುಖ ಕಾಯಿಲೆಯವನದಾಗಿರಲಿಲ್ಲ. ಹಾಗೆ ನೋಡಿ ಬಹಳ ದಿನವಾಗಿತ್ತು ಅವಳಿಗೆ.

"ಖಲ್ಫಾನನ ಹಡಗಿನ ಬಗ್ಗೆ," ಎಂದಳು.

"ಇದು ಯಾರದು?"

"ಅಬು ಹಿಲಾಲನದು," ಎಂದು ಹೇಳಿ ಅವಳು ಹಿಂದೆ ತಿರುಗಿ ಕಾರಿನತ್ತ ನಡೆದಳು. ಕಾರಿನ ಹತ್ತಿರ ಕೆಲಸವೇನೂ ಇರಲಿಲ್ಲ.

ಮರ್ಹೂನ್ ಬಗ್ಗಿ, ನೀರೊಳಗಿನ ಚಪ್ಪಲಿಯನ್ನು ಸರಿಮಾಡಿಕೊಳ್ಳುವವನಂತೆ, ಖಲ್ಫಾನನ ಕಿವಿಗೆ ಬಾಯಿ ತಂದ.

"ಎಡಗಡೆ, ಮೂರನೇ ಹಲಗೆಯಿಂದ ಏಳರ ತನಕ ಹೊಟ್ಟೆ ಇಲ್ಲ. ಒಂದು ಬೆರಳು ಒಳಗೆ ಹೋಗಿದೆ. ಮೊದಲ ದಿನಾನೇ ಕಂಡಿತ್ತು."

"ಒಂದು ಬೆರಳಾ?"

"ಒಂದೂಕಾಲು."

ಖಲ್ಫಾನ್ ತಲೆಯಾಡಿಸಿದ. ಇಷ್ಟು ದಿನ ಕಾದದ್ದು ಈ ಮಾತಿಗೇ, ಬಂದಾಗ ಮಾತ್ರ ಕಾಲ ಕೆಳಗಿನ ಮರಳು ಸರಿದಂತಾಯಿತು.

"ಹಾಗಾದ್ರೆ ಕಣ್ಣು ಹೋಯ್ತು," ಎಂದ. "ಮುಗೀತು ಬಿಡು. ಅಪ್ಪನ ಬಾಚಿ ಉಳಿ ಎಲ್ಲ ನೀನೇ ತಗೊಂಡು ಹೋಗು. ನಾನು ಇನ್ನು ಆ ಕೊಟ್ಟಿಗೆ ಬಾಗಿಲು ತೆಗೆಯಲ್ಲ."

ಮರ್ಹೂನ್ ಬಗ್ಗಿದ್ದ ಬೆನ್ನು ನೆಟ್ಟಗೆ ಮಾಡಿದ. ಹಡಗನ್ನು ಒಂದು ಸುತ್ತು ಬಂದು ಅದರ ಬಲಗಡೆಗೆ ನಿಂತ. ಸೊಂಟದ ಮೇಲೆ ಕೈಯಿಟ್ಟ. ಎದೆ ತುಂಬ ಉಸಿರೆಳೆದುಕೊಂಡ.

"ಅಲ್ಲಯ್ಯಾ, ಈ ಬಲಗಡೆನ ಯಾವ ಕತ್ತೆ ಕಟ್ಟಿದ್ದು?"

ಹಿನ್ನೀರಿನ ಆಚೆ ದಂಡೆಯಲ್ಲಿ ಒಬ್ಬ ತಲೆಯೆತ್ತಿ ನೋಡಿದ.

"ನಾಲ್ಕು ತಿಂಗಳಿಂದ ಇದನ್ನ ನೋಡಿ ನೋಡಿ ನನ್ನ ಹೊಟ್ಟೆ ಹುಣ್ಣಾಗಿದೆ. ಇದು ಹಡಗಿನ ಪಕ್ಕೆಯಾ? ಬಸುರಿ ಒಂಟೆ ಮಗ್ಗುಲಾದಂಗಿದೆ. ಈ ಹಲಗೆ ಕೂಡಿಸಿದ ಕೈಗೆ ಸೌದೆ ಕಟ್ಟೋ ಯೋಗ್ಯತೆ ಇಲ್ಲ. ಸಂದಿ ನೋಡು, ಸಂದಿ. ಸಂದಿ ಎಲ್ಲಿದೆ ಅಂತ ಹುಡುಕೋಕೆ ನನ್ನ ಕನ್ನಡಕ ಬದಲಿಸ್ಬೇಕು. ಇಂಥ ಕೆಲಸ ಮಾಡೋಕೆ ನಿನಗೆ ನಾಚಿಕೆ ಆಗಲ್ವಾ? ನಿಮ್ಮಪ್ಪ ಜುಮಾ ಬದುಕಿದ್ದು ಈ ಬಲಗಡೆ ನೋಡಿದ್ದಿದ್ರೆ, ಬಾಚಿ ಬಿಸಾಕಿ ಬಟ್ಟೆ ಅಂಗಡಿ ಇಡ್ತಿದ್ದ. ತಲೆ ಎತ್ಕೊಂಡು ಊರಲ್ಲಿ ತಿರುಗ್ತಿರ್ಲಿಲ್ಲ."

ಮೀನುಗಾರರು ಬಲೆ ಕೆಳಗಿಟ್ಟರು. ಕಾರಿನ ಹತ್ತಿರ ಝುವೈನಾ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಮತ್ತೆ ಬಾಚಿ ಗೀಚಿ ಅಂದೆಯಲ್ಲ, ಅದೆಲ್ಲ ನನ್ನ ಹತ್ರ ನಡೆಯಲ್ಲ. ಇದೀಗ ನನ್ನ ಹಡಗು. ಸಾಕ್ಷಿ ಇದೆ. ನನ್ನ ಹಡಗಿನ ಎಡಗಡೆ ಕೆಡಿಸಿಟ್ಟಿದ್ದೀಯ, ನೀನೇ ಕಿತ್ತು ನೀನೇ ಕೂಡಿಸಿ ಕೊಡ್ಬೇಕು. ನಾನು ಪಕ್ಕದಲ್ಲೇ ಕೂತಿರ್ತೀನಿ. ಒಂದೊಂದು ಹಲಗೆಗೂ ಹೇಳ್ತೀನಿ. ಈ ದರಿದ್ರ ಬಲಗಡೆ ಹೇಗಿದೆಯೋ ಅದೇ ತರ ಎಡಗಡೆನೂ ದರಿದ್ರವಾಗಿ ಬರೋ ತನಕ ನಿನ್ನ ಬಿಡಲ್ಲ."

ಖಲ್ಫಾನ್ ನೀರಿನಲ್ಲಿ ನಿಂತೇ ಇದ್ದ. ಅವನು ಅಳುತ್ತಿದ್ದ, ನಗುತ್ತಲೂ ಇದ್ದ. ನಾಲ್ಕು ಜನ ನೋಡುತ್ತಿದ್ದಾರೆಂಬ ನೆನಪಾಗಿ, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಬಲಗೈಯ ತೋಳಿನಿಂದ ಬಲಗೆನ್ನೆಯನ್ನು ಚೆನ್ನಾಗಿ ಒರೆಸಿಕೊಂಡ. ಗಂಟಲು ಸರಿಮಾಡಿಕೊಂಡು, ಏನೂ ಆಗದವನಂತೆ ಮೀನುಗಾರರ ಕಡೆ ತಿರುಗಿದ.

ಮರ್ಹೂನ್ ಹತ್ತಿರ ಬಂದು, ಬಗ್ಗಿ, ಮೆತ್ತಗೆ ಹೇಳಿದ.

"ಎಡಗಡೆನೂ ಒರೆಸ್ಕೋ."